ಬದುಕಿರುವ ನನ್ನ ಯಜಮಾನರ ದಿವಂಗತ ಸ್ಥಿತಿಯ ಕುರಿತು

ದಾದರ್, ಮಾರ್ಚ್ ೧೯೭೩

ದಾದರ್ ಕನ್ನಡಿಗರ ಇತಿಹಾಸ ಸಂಚಾರ ಬಳಗದ ಕಾರ್ಯದರ್ಶಿಗಳೂ ಗತಕಾಲದ ಆಪ್ತಮಿತ್ರರೂ ಆದ ಶ್ರೀ ಸದಾನಂದ ಅವರ ಸನ್ನಿಧಿಗೆ,

ಮಾನ್ಯರೇ,

ಪ್ರತಿ ಭಾನುವಾರ ಬಿಸಿಲನ್ನೂ ನಮ್ಮ ಗಟಾರವನ್ನೂ ಲೆಕ್ಕಿಸದೆ, ಬಿಳಿ ಟೊಪ್ಪಿಗೆ ಧರಿಸಿ, ಬೆತ್ತ ತಿರುಗಿಸುತ್ತ, ಈ ಭಾಗದ ಹಳೆಯ ಸಂಗತಿಗಳನ್ನು ಜನರಿಗೆ ತೋರಿಸಿಕೊಂಡು ನಡೆಯುವ ತಮಗೆ, ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ರುದ್ರವ್ವ ಮಾಡುವ ಗೌರವಪೂರ್ವಕ ನಮಸ್ಕಾರಗಳು. ಗಿರಣಿ ಕಾರ್ಮಿಕರ ಸಾಲುಮನೆಯಾದ ನಮ್ಮ ಚಾಳಿಗೂ ಇತಿಹಾಸವಿದೆ ಎಂಬುದು ತಾವು ಬರುವ ತನಕ ನಮಗೆ ತಿಳಿದಿರಲಿಲ್ಲ; ಅದು ಸೋರುತ್ತದೆ ಎಂದಷ್ಟೇ ತಿಳಿದಿತ್ತು.

ತಾವು ಮೊದಲ ಸಲ ದಯಮಾಡಿಸಿದ ಭಾನುವಾರ ನಾನೂ ನನ್ನ ಯಜಮಾನರಾದ ಅಣವೀರಪ್ಪನವರೂ ಬೊರಿವಲಿಯಲ್ಲಿರುವ ಮಗಳು ಚಂಪಾಳ ಮನೆಗೆ ಹೋಗಿದ್ದೆವು. ನಾವಿರುವ ಒಂದೇ ಕೋಣೆಯ ಖೋಲಿಗೆ ಬೀಗ ಹಾಕಿತ್ತು. ಆ ಬೀಗದ ಮುಂದೆ ನಿಂತು ತಾವು ಮಾಡಿದ ಭಾಷಣವನ್ನು ಪಕ್ಕದ ಖೋಲಿಯ ಹಾಲವ್ವ ಸಂಜೆ ನಮಗೆ ಒಪ್ಪಿಸಿದಳು. ಹಿಂದೊಂದು ಮಳೆಗಾಲದಲ್ಲಿ ಚಾಳಿನ ಹಿಂದಿನ ಗೋಡೆ ಕುಸಿದಾಗ ಅಣವೀರಪ್ಪನೆಂಬ ಗಿರಣಿ ಕಾರ್ಮಿಕ ಒಬ್ಬನೇ ನುಗ್ಗಿ, ಮಣ್ಣಿನಡಿಯಿಂದ ಐವರನ್ನು ಹೊರಗೆಳೆದು, ಕೊನೆಗೆ ತಾನೇ ಪ್ರಾಣ ಬಿಟ್ಟನಂತೆ; ಅಂದಿನಿಂದ ಈ ಖೋಲಿ ಹೀಗೆಯೇ ಮುಚ್ಚಿದೆಯಂತೆ. ಇಷ್ಟನ್ನೂ ತಾವು ಬೀದಿ ತುದಿಯ ಪಾನ್ ಅಂಗಡಿಯಲ್ಲಿ, ಒಂದು ಬೀಡಾ ಮುಗಿಯುವುದರೊಳಗೆ ಸಂಶೋಧಿಸಿದಿರೆಂದು ಕೇಳಿ ಬೆರಗಾದೆವು. ಗೋಡೆ ಕುಸಿದದ್ದು ನಿಜ. ಅಣವೀರಪ್ಪ ಎಂಬ ಹೆಸರೂ ನಿಜ. ಉಳಿದದ್ದರಲ್ಲಿ ಮಾತ್ರ ಕೆಲವು ಸಣ್ಣ ತಿದ್ದುಪಡಿಗಳಿವೆ.

ಮುಂದಿನ ಭಾನುವಾರ ಅವನ್ನು ನಿವೇದಿಸಲೆಂದೇ ನನ್ನ ಯಜಮಾನರು ಕೋಟು ಹಾಕಿಕೊಂಡು ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ತಾವು ಅವರ ಮರಣದ ಭಾಗಕ್ಕೆ ಬಂದಾಗ, "ಸಾಹೇಬ್ರ, ನಾ ಇನ್ನೂ ಸತ್ತಿಲ್ಲರೀ. ಇಲ್ಲೇ ಕುಂತೀನಿ ನೋಡ್ರಿ" ಎಂದರು. ತಾವು ಅತ್ಯಂತ ಸೌಜನ್ಯದಿಂದ, "ಅಜ್ಜಾ, ಪ್ರಶ್ನೆಗಳೆಲ್ಲ ಕೊನೆಗೆ" ಎಂದಿರಿ. ತಮ್ಮ ಬಳಗದ ಶೀಲಾವತಿಯವರು, ನಾನು ಅಣವೀರಪ್ಪನ ಹೆಂಡತಿಯೆಂದು ಹಾಲವ್ವನಿಂದ ತಿಳಿದು, ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು; ನನ್ನ ಹಣೆಯ ಕುಂಕುಮ ಕಂಡು, "ಗಂಡ ಹೋದ ಮೇಲೂ ಬಿಟ್ಟಿಲ್ಲ ನೋಡಿ, ಎಂಥ ಪ್ರಗತಿಪರ ಮಹಿಳೆ!" ಎಂದು ಇತರರಿಗೆ ತೋರಿಸಿದರು. ಕೊನೆಯ ಪ್ರಶ್ನೆಗಳ ಹೊತ್ತಿಗೆ ತಾವು ಮೀನು ಮಾರ್ಕೆಟ್ಟಿನ ಇತಿಹಾಸ ತಲುಪಿದ್ದಿರಿ.

ಆಮೇಲಿನ ವಾರಗಳಲ್ಲಿ ನನ್ನ ಯಜಮಾನರು ಆಕ್ಷೇಪಿಸುವುದನ್ನೇ ಬಿಟ್ಟರು. ಗಿರಣಿಯಲ್ಲಿ ಇಡೀ ಆಯುಷ್ಯ ದುಡಿದವರಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ತಾವು ಐವರನ್ನು ಎಳೆಯುವ ಘಟ್ಟಕ್ಕೆ ಬಂದಾಗ ಕಣ್ಣು ಮುಚ್ಚಿ ತಲೆದೂಗತೊಡಗಿದರು. ಊಟಕ್ಕೆ ಕುಳಿತವರು ನಡುವೆ ತುತ್ತು ನಿಲ್ಲಿಸಿ, "ಐದು ಮಂದಿ, ರುದ್ರಾ!" ಎನ್ನುತ್ತಿದ್ದರು. ನಾನು ಸಾರು ಬಡಿಸುತ್ತಿದ್ದೆ.

ಹೀಗೆ ಎಲ್ಲರೂ ಸುಖವಾಗಿರುವಾಗ ತಾವು ಆ ಭಾಷಣವನ್ನು ಕರಪತ್ರವಾಗಿ ಅಚ್ಚು ಹಾಕಿಸಿ, ಔದಾರ್ಯದಿಂದ ನಮ್ಮ ಚಾಳಿನ ಮಾಲಕರಿಗೂ ಒಂದು ಪ್ರತಿ ಕಳಿಸಿದಿರಿ. ಹಳೆಯ ಅಲ್ಪ ಬಾಡಿಗೆಗೇ ಇರುವವರು ಯಾವಾಗ ಖಾಲಿ ಮಾಡುವರೋ ಎಂದು ಕಾದಿರುವ ಮಾಲಕರು ಇತಿಹಾಸವನ್ನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ಓದಿರಲಿಕ್ಕಿಲ್ಲ. ಕಳೆದ ಭಾನುವಾರ ಅವರ ಗುಮಾಸ್ತ ಶೇಖರ ಹೊಸ ಬೀಗ ಹಿಡಿದು ಬಂದ. ನಮ್ಮ ಮನೆಯಲ್ಲಿ ನೂರು ಸಲ ಚಹಾ ಕುಡಿದವನು ತಲೆ ತಗ್ಗಿಸಿ, ಆ ಕರಪತ್ರವನ್ನು ಮುಂದೆ ಹಿಡಿದು, "ಕಾಕಾ, ನೀವು ಜಿಂದಾ ಇದ್ದೀರಿ, ನಂಗ ಗೊತ್ತೈತಿ. ಮಗರ್ ಶೇಠ್ ಈ ಪರ್ಚಾ ಹಿಡ್ಕೊಂಡು ಕುಂತಾರ. ಅಣವೀರಪ್ಪ ಸತ್ತಾನ, ಖೋಲಿ ಖಾಲಿ ಐತಿ ಅಂತ ಛಾಪಾ ಆಗೈತಿ. ಐದು ಮಂದೀನ್ನ ಉಳಿಸಿದ ಅಣವೀರಪ್ಪ ನೀವು ಹೌದೋ ಅಲ್ಲೋ, ಅಷ್ಟು ಹೇಳ್ರಿ" ಎಂದ.

ಅದೇ ಗಳಿಗೆಗೆ ತಮ್ಮ ಸಂಚಾರವೂ ಬಂದು ನಿಂತಿತು. ನನ್ನ ಯಜಮಾನರು ಒಮ್ಮೆ ಬೀಗವನ್ನು, ಒಮ್ಮೆ ತಮ್ಮ ಬಿಳಿ ಟೊಪ್ಪಿಗೆಯನ್ನು ನೋಡಿದರು. ವೀರನಾಗಿ ಉಳಿದರೆ ಸತ್ತಂತೆ, ಬದುಕಬೇಕಾದರೆ ಸಾಮಾನ್ಯನಾಗಬೇಕು. ಎದ್ದು ನಿಂತು ಕೋಟಿನ ಗುಂಡಿ ಬಿಚ್ಚಿದರು.

"ಆ ಗ್ವಾಡಿ ಕೆಳಗ ಸಿಕ್ಕಿದ್ದಾಂವ ನಾನರೀ. ನಾ ಯಾರನ್ನೂ ಎಳೀಲಿಲ್ಲ. ಎಲ್ಲಾರೂ ಇನ್ನೊಂದು ಗ್ವಾಡಿ ಬೀಳ್ತೈತಿ ಅಂತ ದೂರ ನಿಂತಿದ್ರು. ಈಕಿ, ಈ ರುದ್ರಾ, ಬಂದು ಬರಿಗೈಲೆ ಮಣ್ಣು ತೋಡಿದಳು. ಉಗುರು ಕಿತ್ತು ಹೋಗಿದ್ವು. ನನ್ನ ಹೊರಗ ತಗದಾಕಿ ಈಕಿ."

ಆ ಸಂಗತಿಯನ್ನು ಅವರು ಇಷ್ಟು ವರ್ಷಗಳಲ್ಲಿ ನನ್ನೆದುರಿಗೂ ಆಡಿರಲಿಲ್ಲ. ಶೇಖರ ಬೀಗವನ್ನು ಚೀಲದೊಳಗೆ ಹಾಕಿ, ಶೇಠರಿಗೆ ತಾನು ಹೇಳಿಕೊಳ್ಳುವೆನೆಂದು ಹೇಳಿ, ಚಹಾ ಕೇಳಿದ. ನಾನು ಒಳಗೆ ಹೋಗಿ ಸ್ಟೋವಿಗೆ ಪಂಪು ಹೊಡೆದೆ; ಅದು ಹೊತ್ತಿಕೊಳ್ಳಲು ಅಂದು ಬಹಳ ಹೊತ್ತು ಹಿಡಿಯಿತು. ಹೊರಗೆ ತಾವು, "ಮೌಖಿಕ ಪರಂಪರೆಯಲ್ಲಿ ಪಾಠಾಂತರಗಳು ಸಹಜ" ಎಂದು ಸದಸ್ಯರಿಗೆ ವಿವರಿಸುತ್ತಿದ್ದುದು ಕೇಳಿಸಿತು.

ಆದ್ದರಿಂದ ನನ್ನ ವಿನಂತಿಗಳು ಅಲ್ಪ. ಕರಪತ್ರದ ಮುಂದಿನ ಮುದ್ರಣದಲ್ಲಿ ನನ್ನ ಯಜಮಾನರನ್ನು ಪುನಃ ಹುಟ್ಟಿಸಬೇಕು. ಶೀಲಾವತಿಯವರು ಒರೆಸಿಕೊಂಡ ಕಣ್ಣೀರು ಬೇರೆ ಯೋಗ್ಯ ಕಾರಣಕ್ಕೆ ವರ್ಗಾಯಿಸಲ್ಪಡಬೇಕು. ಒಮ್ಮೆ ತಾವೇ ನನ್ನ ಯಜಮಾನರ ಅಂತ್ಯವನ್ನು ನೆರವೇರಿಸಿರುವುದರಿಂದ, ಮುಂದೆಂದಾದರೂ ಅದು ಎರಡನೆಯ ಸಲ ಬಂದಲ್ಲಿ, ಆ ವಿಷಯ ಈಗಾಗಲೇ ಮುಗಿದಿದೆಯೆಂದು ಸಂಬಂಧಪಟ್ಟವರಿಗೆ ತಿಳಿಸಿ ಹಿಂದಕ್ಕೆ ಕಳಿಸುವ ಹೊಣೆಯನ್ನೂ ಬಳಗವೇ ಹೊರಬೇಕು.

ತಮ್ಮ ಸಂಶೋಧನೆಯಿಂದ ವಿಧವೆಯಾಗಿ, ಯಜಮಾನರ ಸಾಕ್ಷಿಯಿಂದ ಮರಳಿ ಮುತ್ತೈದೆಯಾದ,

ತಮ್ಮ ವಿಶ್ವಾಸಿ,
ರುದ್ರವ್ವ ಅಣವೀರಪ್ಪ ಗುಡಗೇರಿ

ತಾ.ಕ.: ಮುಂದಿನ ಭಾನುವಾರ ತಾವು ನಮ್ಮ ಮಾಲಕರ ಬಂಗಲೆಯ ಮುಂದೆಯೂ ಕೊಂಚ ನಿಂತು, ಅವರ ತ್ಯಾಗಮಯ ಜೀವನದ ಬಗ್ಗೆ ಎರಡು ಮಾತಾಡಿ, ಒಂದು ಕರಪತ್ರ ಹೊರಡಿಸಬೇಕೆಂದು ಚಾಳಿನವರೆಲ್ಲರ ಕೋರಿಕೆ. ಅವರು ಬದುಕಿದ್ದಾರೆ, ಆದರೆ ಅದು ತಮಗೆ ಅಡ್ಡಿಯಾಗದೆಂದು ಬಲ್ಲೆವು.