ಸರ್ ಮನೆಗೆ ಬಂದ ಜೇಡ

ಸಾವಾದ ಮನೆಯಲ್ಲಿ ನಗಬಾರದು ಅಂತಾರೆ. ಆದರೆ ಹಾಳು ನಗು ಹುಡುಕಿಕೊಂಡು ಬರುವುದು ಅಲ್ಲಿಗೇ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ಲೆಕ್ಚರರ್ ಸರ್ ಹರಿಹರದಲ್ಲಿ ನಮ್ಮ ಪಕ್ಕದ ಮನೆಯವರೇ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರ ಹೆಂಡತಿ ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿರಲಿಲ್ಲ. ಸರ್ ಅಳಲಿಲ್ಲ, ಮಾತೂ ಆಡಲಿಲ್ಲ. ನಮಗೆ ಅದೇ ಹೆದರಿಕೆ.

ಹೆಣ್ಣು ನೋಡುವ ಶಾಸ್ತ್ರ

ಅಷ್ಟರಲ್ಲಿ ಮಾಯಕೊಂಡದ ವಿದ್ಯಾರ್ಥಿಗಳು ಊರಲ್ಲಿ ಬಾವಿ ತೋಡುವಾಗ ಸಿಕ್ಕ ಅಂಗೈಯಗಲದ ರೋಮದ ಜೇಡವೊಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದುಕೊಟ್ಟರು. ಇಂಗ್ಲಿಷಿನವರು ಟರಾಂಟುಲಾ ಅನ್ನುವ ಜಾತಿ. ಸರ್ ಅದನ್ನು ಮನೆಗೇ ಒಯ್ದರು. ಮೀನು ಸಾಕುವ ಹಳೇ ಗಾಜಿನ ತೊಟ್ಟಿಗೆ ಹಸಿ ಮಣ್ಣು ತುಂಬುತ್ತಿದ್ದಾಗ ಅವರ ಭಾವ ಬಂದರು. ಅಕ್ಕನ ಗಂಡ, ಹದಡಿಯವರು.

"ನೀನಿನ್ನೂ ಗಟ್ಟಿ ಇದೀಯ. ಒಂಟಿ ಜೀವ ಹೆಂಗೆ ನಡೀತೈತೆ? ಒಂದು ಹೆಣ್ಣು ನೋಡೇವಿ" ಅಂದರು ಭಾವ.

ಸರ್ ತಲೆ ಎತ್ತಲಿಲ್ಲ. "ಹೆಣ್ಣು ಆಗ್ಲೇ ಮನೆಗೆ ಬಂದೈತೆ, ಭಾವ."

ಭಾವ ಬೆಚ್ಚಿಬಿದ್ದು, "ಎಲ್ಲೈತೆ?" ಅಂದರು.

"ಡಬ್ಬಿಯೊಳಗೆ. ಮುಚ್ಚಳ ತೆಗೀರಿ."

ತೆಗೆದರು. ಚಪ್ಪಲಿ ಇಲ್ಲೇ ಉಳಿಯಿತು, ಭಾವ ಬಸ್‌ಸ್ಟ್ಯಾಂಡಿನಲ್ಲಿದ್ದರು.

ಉಪವಾಸ

ತೊಟ್ಟಿಯೊಳಗೆ ಒಡೆದ ಗಡಿಗೆಯ ಚೂರನ್ನು ಬೋರಲಿಟ್ಟು ಅದಕ್ಕೊಂದು ಗುಹೆ ಮಾಡಿದೆವು. ಒಂದು ಮುಚ್ಚಳದಲ್ಲಿ ನೀರಿಟ್ಟೆವು. ಜೇಡ ಮಾತ್ರ ಮೂಲೆ ಸೇರಿ ಗಾಜಿಗೆ ಒತ್ತಿಕೊಂಡು ಕೂತುಬಿಟ್ಟಿತು. ಜಿರಲೆ ಬಿಟ್ಟರೆ ಮೂಸಿಯೂ ನೋಡಲಿಲ್ಲ.

ಸರ್ ಕಥೆಯೂ ಅದೇ. ಅವರ ಹೆಂಡತಿ ಇದ್ದಾಗಿನಿಂದಲೂ ಕಾಂಪೌಂಡಿನ ಮೇಲೆ ಎರಡೂ ಮನೆಯ ತಟ್ಟೆಗಳು ಓಡಾಡುತ್ತಿದ್ದವು. ಈಗ ನನ್ನ ತಾಯಿ ಅಮ್ಮಿ ಕಳಿಸಿದ ರೊಟ್ಟಿ, ಪಲ್ಯ ಹೋದಂತೆಯೇ ವಾಪಸ್ಸು. ಒಂದು ದಿನ ಅಮ್ಮಿ ತಾನೇ ಹೋದಳು.

"ಹುಳ ಏನಾರ ತಿಂತೇನ್ರಿ?"

"ಇಲ್ಲಮ್ಮ. ಹೊಸ ಜಾಗ. ಕತ್ತಲು ಮಾಡಿ ಸುಮ್ನೆ ಬಿಟ್ರೆ ತಾನೇ ಹೊಂದ್ಕೊಳ್ಳುತ್ತೆ. ಬಲವಂತ ಮಾಡಬಾರದು."

ಅಮ್ಮಿ ತಟ್ಟೆಯನ್ನು ಅವರ ಮುಂದೆ ಕುಕ್ಕಿದಳು. "ನಿಮ್ಗೂ ಹಂಗೇ ಸುಮ್ನೆ ಬಿಡ್ಲೋ, ಇಲ್ಲ ನಾಳಿಂದ ಜಿರಲೆ ಹಿಡಿದು ಕಳಿಸ್ಲೋ?"

ಸರ್ ಅರ್ಧ ರೊಟ್ಟಿ ತಿಂದರು. ಅಮ್ಮಿಯ ಹೆದರಿಕೆಗೇ ಇರಬೇಕು, ಆ ಸಂಜೆ ಜೇಡವೂ ಒಂದು ಜಿರಲೆ ತಿಂದಿತು.

ಎದ್ದು ಬರ್ತಾಳೆ

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಜೇಡ ಅಂಗಾತ ಬಿದ್ದಿದೆ, ಎಂಟೂ ಕಾಲು ಮೇಲೆ. ಈ ಮನೆಯಲ್ಲಿ ಇನ್ನೊಂದು ಸಾವು ಬ್ಯಾಡವಾಗಿತ್ತು.

"ಸರ್, ಸತ್ತು ಹೋಗೈತೆ" ಅಂದೆ.

ಸರ್ ಕಿರುಚಿದರು. "ಸತ್ತಿಲ್ಲ ಅವಳು! ಯಾರೂ ಮುಟ್ಟಬ್ಯಾಡ್ರಿ! ಸ್ವಲ್ಪ ಹೊತ್ತು, ಎದ್ದು ಬರ್ತಾಳೆ!"

ಆಮೇಲೆ ದನಿ ತಗ್ಗಿಸಿ ಹೇಳಿದರು: ಹಾವಿನಂತೆ ಇದೂ ಪೊರೆ ಬಿಡುತ್ತೆ, ಬಿಡುವಾಗ ಹೀಗೇ ಅಂಗಾತ ಮಲಗುತ್ತೆ. ಆದರೆ ಜಗಲಿಯಲ್ಲಿದ್ದ, ಸರ್‌ಗೆ ಮನೆ ಬಾಡಿಗೆ ಕೊಟ್ಟ ಮಾಲೀಕರಿಗೆ ಕೇಳಿಸಿದ್ದು ಕಿರುಚಿದ್ದಷ್ಟೇ. ಹೆಂಡತಿ ಎದ್ದು ಬರ್ತಾಳೆ ಅಂತ ಕಾಯುತ್ತಾ ಕೂತಿದಾರೆ, ತಲೆ ಕೆಟ್ಟೈತೆ ಅಂತ ಓಡಿಹೋಗಿ ಡಾಕ್ಟರನ್ನು ಕರೆತಂದರು.

ಡಾಕ್ಟರು ಬಹಳ ನಾಜೂಕಿನಿಂದ ಸರ್ ಪಕ್ಕ ಕೂತರು. "ಯಾರು ಎದ್ದು ಬರ್ತಾರೆ, ಸರ್?"

ಸರ್ ತೊಟ್ಟಿ ತೋರಿಸಿದರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಗಾಜಿಗೆ ಮೂಗು ಹಚ್ಚಿದರು. ಅದೇ ಹೊತ್ತಿಗೆ 'ಸತ್ತ' ಜೇಡ ಹಳೇ ಕಾಲಿನೊಳಗಿಂದ ಹೊಸ ಕಾಲು ಎಳೆದು ಆಡಿಸಿತು.

ಡಾಕ್ಟರು ಹಾರಿದ್ದು ಯಾರಿಗೂ ಕಾಣಲಿಲ್ಲ. ಬ್ಯಾಗ್ ಸಮೇತ ಮಂಚದ ಮೇಲೆ ನಿಂತಿದ್ದರು. ಬಂದ ಕೆಲಸ ಬಿಡಬಾರದಲ್ಲ, ನಡುಗುತ್ತಲೇ ಕೇಳಿದರು: "ಸರ್, ನಿಮಗೆ... ಏನಾದ್ರೂ ಭಯ ಆಗ್ತೈತೇನ್ರಿ?"

"ಮಂಚದ್ದೇ ಭಯ, ಡಾಕ್ಟ್ರೇ. ಒಂದು ಕಾಲು ಸರಿ ಇಲ್ಲ."

ಅಂದವರೇ ಸರ್ ನಕ್ಕರು. ನಗುತ್ತಾ ನಗುತ್ತಾ ನೆಲದ ಮೇಲೆ ಕುಸಿದು, ಹೆಂಡತಿಯ ಹೆಸರು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ದಿನದ ಮೇಲೆ ಮೊದಲ ಸಲ. ನಾನೂ ಅತ್ತೆ, ಮಾಲೀಕರೂ ಕಣ್ಣೊರೆಸಿಕೊಂಡರು.

ಡಾಕ್ಟರು ಮಂಚದಿಂದ ಇಳಿಯದೆಯೇ ಮಾಲೀಕರಿಗೆ ಅಂದರು: "ಇವರಿಗೇನೂ ಆಗಿಲ್ಲ, ಹುಷಾರಾಗ್ತಾರೆ. ಮೊದಲು ನನ್ನನ್ನ ಹೊರಗೆ ಎತ್ಕೊಂಡು ಹೋಗ್ರಿ."