ಹಿಟ್ಟಿನ ಹುಳುಗಳ ಸದ್ಗತಿ

ಸಾವಿನ ಸುದ್ದಿ ತಿಳಿದದ್ದು ಶನಿವಾರ ಬೆಳಿಗ್ಗೆ, ಪಟ್ಟಾಭಿರಾಮಯ್ಯನವರು ಎರಡನೆಯ ಚಪಾತಿಗೆ ಕೈಹಾಕಿದಾಗ. ಸತ್ತವರು ಒಬ್ಬರಲ್ಲ, ಒಂದು ಬಾಟಲಿಯಷ್ಟು.

"ಪೂರ್ವಿ ತಂದಿಟ್ಟಿದ್ದ ಗೋಧಿ ಹಿಟ್ಟಲ್ಲಿ ಬರೀ ಹುಳು ಕಣ್ರೀ," ಎಂದರು ಸುಮಿತ್ರಮ್ಮ, ತೊಳೆದ ಬಾಟಲಿಯನ್ನು ಬೋರಲು ಹಾಕುತ್ತ. "ಜರಡಿ ಹಿಡಿದು, ಸತ್ತ ಹುಳುಗಳನ್ನ ಸಿಂಕಿಗೆ ಚೆಲ್ಲಿ, ಚಪಾತಿ ಮಾಡಿಬಿಟ್ಟೆ. ಹಿಟ್ಟು ಯಾಕೆ ದಂಡ ಮಾಡೋದು?"

ತುತ್ತು ಕೈಯಲ್ಲೇ ನಿಂತಿತು. ಚಪಾತಿ ಕೊಂಚ ಕಹಿಯಾಗಿತ್ತು. ದಾಂಪತ್ಯ ಕಲಿಸಿದ ಪಾಠದಂತೆ ಅಯ್ಯನವರು ಆ ಬಗ್ಗೆ ಬಾಯಿಬಿಟ್ಟಿರಲಿಲ್ಲ.

ಅವು ಅಂಥಿಂಥ ಹುಳುಗಳಲ್ಲ. ಹೈಸ್ಕೂಲು ಮಕ್ಕಳು ಪುಸ್ತಕದ ಪ್ರಯೋಗವನ್ನೇ ಉರುಹಚ್ಚದೆ ನಿಜವಾದ ಸಂಶೋಧನೆ ಮಾಡಲಿ ಎಂದು ವಿಶ್ವವಿದ್ಯಾಲಯದವರು ಪೂರ್ವಿಯ ಶಾಲೆಗೆ ಕೊಟ್ಟವು. ಚೆನ್ನಾಗಿ ಮಾಡಿದವರಿಗೆ ರಜೆಯಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೇ ಕೆಲಸ. ಅಹಮದಾಬಾದಿನಲ್ಲೇ ಬೆಳೆದ ಮೊಮ್ಮಗಳು ಒಂದು ತಿಂಗಳಿಂದ ಬೇರೆ ಮಾತನ್ನೇ ಆಡಿರಲಿಲ್ಲ, ಅಜ್ಜ ಅರ್ಧವಷ್ಟೇ ಕೇಳಿಸಿಕೊಂಡಿದ್ದರು. ಬೆಳಿಗ್ಗೆ ಟ್ಯೂಷನ್ನಿಗೆ ಹೊರಡುವಾಗಲೂ, "ಅಜ್ಜಾ, ಬಾಟಲಿ ಸಂಭಾಲ್‌ಕೇ ತರಬೇಕು, ಹಾಂ? ಮಧ್ಯಾಹ್ನ ಸೀದಾ ಸ್ಕೂಲಿಗೆ. ಓಪನ್ ಬಿಲ್ಕುಲ್ ಮಾಡಬಾರದು," ಎಂದು ಕೈಯಲ್ಲಿ ಕೈಯಿಟ್ಟು ಭಾಷೆ ತೆಗೆದುಕೊಂಡಿದ್ದಳು. ಅಜ್ಜ ಜೋಪಾನವಾಗಿರಲೆಂದು ಅದನ್ನು ಇಟ್ಟದ್ದು ಅಡುಗೆಮನೆಯ ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿ! ಬೆಕ್ಕಿನ ಹತ್ತಿರ ಹಾಲು ಅಡವಿಟ್ಟ ಹಾಗೆ.

ತುತ್ತು ಬಿಟ್ಟು ಎದ್ದರು. ಹುಳು ತಾನೆ? ಊರಲ್ಲಿ ಹುಳುವಿಗೇನು ಬರ?

ಮೊದಲು ಎದುರು ಮನೆಯ ಇಂದುಬೆನ್. ಅಯ್ಯನವರು ತಮ್ಮ ಹಿಂದಿಯಲ್ಲಿ, "ಬೆನ್, ನಿಮ್ಮ ಹಿಟ್ಟಿನಲ್ಲಿ ಹುಳು ಇದೆಯೇ?" ಎಂದು ವಿನಯದಿಂದ ಕೇಳಿದರು.

ಆಕೆಯ ಮುಖ ಉರಿದುಹೋಯಿತು. "ದಾದಾ! ವರ್ಷದ ಗೋಧಿಗೆ ನನ್ನ ಕೈಯಾರೆ ಹರಳೆಣ್ಣೆ ಸವರಿ ಇಡ್ತೀನಿ. ಹುಳುವಿನ ನೆರಳೂ ಬೀಳೋದಿಲ್ಲ." ಮರುಕ್ಷಣ ಧ್ವನಿ ಕರಗಿತು. "ಪಾಪ, ನಿಮ್ಮ ಮನೆ ಹಿಟ್ಟು ಕೆಟ್ಟಿದೆಯೇನೋ. ಹೇಳೋಕೆ ನಾಚಿಕೆ ಯಾಕೆ?"

ಮೆಟ್ಟಿಲು ಇಳಿಯುವಷ್ಟರಲ್ಲಿ ಸುದ್ದಿ ಕಟ್ಟಡ ಸುತ್ತಿತು. ಒಬ್ಬೊಬ್ಬರೇ ಬಟ್ಟಲು ತುಂಬ ಹಿಟ್ಟು ತಂದು ಸುಮಿತ್ರಮ್ಮನ ಕೈಗಿಟ್ಟರು. ಎಲ್ಲವೂ ಮಲ್ಲಿಗೆಯಂಥ ಶುದ್ಧ ಹಿಟ್ಟು. ಒಂದರಲ್ಲೂ ಹುಳುವಿಲ್ಲ.

ನವರಂಗಪುರದ ಕಿರಾಣಿ ಅಂಗಡಿಗೆ ಹೋಗಿ ಗೋಧಿ ಮೂಟೆಯ ಮೇಲೆ ಭೂತಗನ್ನಡಿ ಹಿಡಿದರು. ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದು ಕೈಮುಗಿದ.

"ಸಾಹೇಬ್, ಇನ್‌ಸ್ಪೆಕ್ಷನ್ನಾ? ಕೂತ್ಕೊಳ್ಳಿ, ಚಾ ತರಿಸ್ತೀನಿ. ಒಂದೇ ಒಂದು ಹುಳು ಸಿಕ್ಕರೂ ಅಂಗಡಿ ಮುಚ್ಚಿಬಿಡ್ತೀನಿ!"

"ಇಲ್ಲಪ್ಪ, ನನಗೆ ಹುಳುವೇ ಬೇಕು."

"ಎಲ್ಲರೂ ಮೊದಲು ಹಾಗೇ ಹೇಳ್ತಾರೆ, ಸಾಹೇಬ್," ಎಂದು ಅವನು ಅಯ್ಯನವರ ಚೀಲಕ್ಕೆ ಗೋಡಂಬಿಯ ಪೊಟ್ಟಣ ತುರುಕಿದ. ಅದನ್ನು ಹಿಂದಿರುಗಿಸುವುದರಲ್ಲೇ ಅರ್ಧ ಗಂಟೆ ಹೋಯಿತು.

ಕೊನೆಗೆ ನೆನಪಾದವನು ಮೇಲಿನ ಮಹಡಿಯ ಭುವನ್. ಹಾಸನದ ಬ್ರಹ್ಮಚಾರಿ, ಉಪಗ್ರಹಗಳ ಕಚೇರಿಯಲ್ಲಿ ಕೆಲಸ.

"ನಿನ್ನ ಹಿಟ್ಟಿನಲ್ಲಿ ಹುಳು ಇದೆಯೇನಪ್ಪ?"

"ಹುಳುಗಳ ಮಧ್ಯೆ ಒಂಚೂರು ಹಿಟ್ಟಿದೆ ಅಂಕಲ್, ನೋಡಿ," ಎಂದು ಅವನು ಡಬ್ಬಿ ತೆಗೆದ. ಅಮೃತ ಕಂಡಂತಾಯಿತು ಅಯ್ಯನವರಿಗೆ. ಪೂರ್ವಿಯ ಬಾಟಲಿ ಮತ್ತೆ ತುಂಬಿತು.

ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಬಾಟಲಿಗಳು ಸಾಲಾಗಿ ಕುಳಿತಿದ್ದವು. ಅಯ್ಯನವರು ಇಣುಕಿ ನೋಡಿದರು. ಎಲ್ಲದರಲ್ಲೂ ಹುಳುಗಳು ಸತ್ತು ಬಿದ್ದಿವೆ. 'ಅಯ್ಯೋ ಪಾಪ, ಈ ಮಕ್ಕಳಿಗೂ ಸುಮಿತ್ರೆಯಂಥ ಅಜ್ಜಿಯರು' ಎಂದುಕೊಂಡರು. ನಮ್ಮ ಪೂರ್ವಿಯ ಬಾಟಲಿಯಲ್ಲಿ ಮಾತ್ರ ಜಾತ್ರೆ!

ವಿಶ್ವವಿದ್ಯಾಲಯದಿಂದ ಬಂದಿದ್ದ ಅರ್ಚಿತಾ ಎಂಬ ವಿಜ್ಞಾನಿ ಆ ಬಾಟಲಿಯ ಮುಂದೆ ನಿಂತವರು ಕದಲಲಿಲ್ಲ.

"ಎಲ್ಲರ ಹಿಟ್ಟಿಗೂ ಬೇವಿನಪುಡಿ ಬೆರೆಸಿದ್ದೆವು. ಬೇವು ಹುಳುಗಳನ್ನು ಕೊಲ್ಲುತ್ತದೆಯೇ ಎಂಬುದೇ ಪ್ರಶ್ನೆ. ಇವು ಮಾತ್ರ ಜಗ್ಗಿಲ್ಲ! ಬೇವಿಗೂ ಸಾಯದ ತಳಿ! ಇದನ್ನು ಪ್ರಕಟಿಸಲೇಬೇಕು. ಪೂರ್ವಿ, ನೀನು ರಜೆಗೆ ನಮ್ಮಲ್ಲಿಗೆ ಬಾ."

ಮಗುವಿನ ಮುಖ ದೀಪದಂತೆ ಬೆಳಗಿತು. ಅಜ್ಜನ ನಾಲಗೆಯಲ್ಲಿ ಬೆಳಗಿನ ಚಪಾತಿಯ ಕಹಿ ಮರಳಿ ಬಂತು. ಸುಮ್ಮನಿದ್ದರೆ ಮೊಮ್ಮಗಳಿಗೆ ಪ್ರಯೋಗಾಲಯ, ಲೋಕಕ್ಕೆ ಸುಳ್ಳು. ದಿನವೂ ಸತ್ಯನಾರಾಯಣನಿಗೆ ಕೈಮುಗಿಯುವ ಮನುಷ್ಯ ಎಷ್ಟು ಹೊತ್ತು ಸುಮ್ಮನಿರಬಲ್ಲ?

"ಅಮ್ಮಾ, ಅವು ಹಾಸನದ ಹುಡುಗನ ಹುಳುಗಳು," ಎಂದು ಎದ್ದು ನಿಂತು ಎಲ್ಲ ಹೇಳಿದರು. "ನಿಮ್ಮ ಬೇವು ನನ್ನ ಹೊಟ್ಟೆಯಲ್ಲಿದೆ. ತಪ್ಪು ನನ್ನದು, ಮಗುವಿಗೆ ಏನೂ ಗೊತ್ತಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಅರ್ಚಿತಾ ಕಣ್ಣೊರೆಸಿಕೊಂಡರು.

"ದಾದಾಜಿ, ಸುಳ್ಳು ಒಮ್ಮೆ ಅಚ್ಚಾದರೆ ಅದನ್ನು ಹಿಡಿಯುವ ಜರಡಿ ಸಿಗೋದಿಲ್ಲ. ಒಳ್ಳೆಯದು ಮಾಡಿದಿರಿ. ಪೂರ್ವಿ ಖಂಡಿತ ಬರಲಿ, ಪ್ರಯೋಗ ಮೊದಲಿನಿಂದ ಮಾಡಲಿ."

ಅಯ್ಯನವರ ಎದೆಯಿಂದ ಬಂಡೆ ಇಳಿಯಿತು. ಅದರ ಜಾಗಕ್ಕೆ ಒಂದು ದೊಡ್ಡ ಗಾಜಿನ ಜಾಡಿ ಬಂದು ಕೂತಿತು. ಅದರ ತುಂಬ ಹೊಸ ಹುಳುಗಳು.

"ರಜೆಯ ತನಕ ಇವನ್ನು ನೀವೇ ಸಾಕಬೇಕು. ಹುಳುವಿಗಾಗಿ ಇಷ್ಟು ಅಲೆದವರು ಅಹಮದಾಬಾದಿನಲ್ಲಿ ಬೇರೆ ಯಾರಿದ್ದಾರೆ?"

"ಅಜ್ಜಾ, ಈ ಸಲ ಕಿಚನ್ ಮೇ ನಹೀಂ," ಎಂದಳು ಪೂರ್ವಿ.

ಮನೆಯಲ್ಲಿ ಕಥೆ ಕೇಳಿ ಸುಮಿತ್ರಮ್ಮ ಸೊಂಟಕ್ಕೆ ಕೈಯಿಟ್ಟರು.

"ನಾನು ಕೊಂದೆ ಅಂದ್ಕೊಂಡ್ರಾ? ಬಾಟಲಿ ತೆಗೆದಾಗ್ಲೇ ಎಲ್ಲಾ ಸತ್ತು ಬಿದ್ದಿದ್ವು. ಸತ್ತ ಹುಳು ಅಂತ ನಾನು ಹೇಳ್ಲಿಲ್ವಾ? ಪೂರ್ತಿ ಕೇಳೋ ಅಭ್ಯಾಸ ಯಾವಾಗ ಇತ್ತು ನಿಮಗೆ!"

ಹಾಗಾದರೆ ಬೇವು ತನ್ನ ಕೆಲಸ ಮುಗಿಸಿತ್ತು, ಪ್ರಯೋಗ ಮನೆಯಲ್ಲೇ ಗೆದ್ದಿತ್ತು! ಆ ಸತ್ತ ಹುಳುಗಳನ್ನು ಕೊಂಡೊಯ್ದಿದ್ದರೆ ಸಾಕಿತ್ತು. ಅಯ್ಯನವರು ಕುಸಿದು ಕುಳಿತರು. ಆದರೂ ಮನೆಗೆ ಜೀವಹತ್ಯೆಯ ದೋಷ ತಟ್ಟಲಿಲ್ಲವಲ್ಲ ಎಂದು ಮನಸ್ಸು ಹಗುರಾಯಿತು.

"ಅದೇನ್ರೀ ಜಾಡಿ? ಹಿಟ್ಟಾ? ಕೊಡಿ, ಜರಡಿ ಹಿಡೀತೀನಿ."

ಅಯ್ಯನವರು ಜಾಡಿಯನ್ನು ಕೂಸಿನಂತೆ ಅವುಚಿಕೊಂಡು ದೇವರ ಕೋಣೆ ಸೇರಿದರು. ದೀಪ ಹಚ್ಚಿ, ಜಾಡಿಯನ್ನು ಮಡಿಲಿನಿಂದ ಇಳಿಸದೆ ಕೈಮುಗಿದರು.

"ನಾರಾಯಣ, ಇವುಗಳನ್ನು ಸುಮಿತ್ರೆಯಿಂದ ಕಾಪಾಡು. ಬೇವು ತಿಂದು ಹೋದ ಆ ಜೀವಗಳ ಪಾಲಿನ ಹಿಟ್ಟನ್ನು ನಾನು ಉಂಡಿದ್ದೇನೆ, ಅವುಗಳ ಋಣ ನನ್ನ ಮೇಲಿದೆ. ಅವುಗಳಿಗೆ ನಿನ್ನ ಪಾದದಲ್ಲಿ ಜಾಗ ಕೊಡು, ತಂದೆ. ಅವುಗಳ ಆತ್ಮ ಶಾಂತವಾಗಿರಲಿ."