ಸಮನ್ವಯ ಪ್ರಾಜೆಕ್ಟಿನ ಗೈಡ್ ಮೇಡಂ

ಸುಗ್ಗಿ ಬಂತೆಂದರೆ ಸಿಂಧನೂರಿನ ರಸ್ತೆಯಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತು ನನ್ನ ಬಸ್ಸು ತಡವಾಗುವುದು ತಪ್ಪುವುದಿಲ್ಲ. ಪ್ರಾಜೆಕ್ಟಿನ ಕಾಲ ಬಂತೆಂದರೆ ನಮ್ಮ ಬಿ.ಎಡ್. ಕಾಲೇಜಿನಲ್ಲಿ ಮುಂದೆ ಹೇಳುವಂಥವು ನಡೆಯುವುದೂ ತಪ್ಪುವುದಿಲ್ಲ. ಎರಡಕ್ಕೂ ನಾನು ಸಿಟ್ಟು ಮಾಡುವುದನ್ನು ಬಿಟ್ಟು ಬಹಳ ವರ್ಷವಾಯಿತು.

ನಮ್ಮಲ್ಲಿ ಎರಡನೇ ವರ್ಷದ ವಿದ್ಯಾರ್ಥಿಗಳು ಒಂದು ಸಣ್ಣ ಸಂಶೋಧನೆ ಮಾಡಿ, ಬೈಂಡ್ ಮಾಡಿಸಿ ಒಪ್ಪಿಸಬೇಕು. ಒಂದು ವಿಷಯ ಸಮನ್ವಯ ಶಿಕ್ಷಣ. ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ಮನೆಯಲ್ಲಿ ಬೇರೆ ಭಾಷೆ ಆಡುವ ಮಗು, ನಡು ವರ್ಷ ಅಪ್ಪ-ಅವ್ವನ ಜೊತೆ ಊರು ಬಿಡುವ ಮಗು, ಎಲ್ಲರೂ ಒಂದೇ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಹೇಗೆ ಕಲಿಯುತ್ತಾರೆ ಎಂದು ನೋಡುವುದು. ಒಳ್ಳೆಯ ವಿಷಯವೇ. ಆದರೆ ಇದಕ್ಕೆ ಗೈಡ್ ಯಾರಾಗಬೇಕು ಎಂಬ ಮೀಟಿಂಗಿನ ದಿನ ನಾನು ರಜೆಯಲ್ಲಿದ್ದೆ. ಮರುದಿನ ಬಂದು ನೋಡಿದರೆ ಬೋರ್ಡಿನ ಮೇಲೆ ಈ ವರ್ಷವೂ ನನ್ನ ಹೆಸರಿತ್ತು, ಕೆಳಗೆ ಹದಿನಾಲ್ಕು ಮಂದಿಯ ಹೆಸರಿತ್ತು. ಅಲ್ಲಿಂದ ಶುರು.

೧. ಉಪಸಂಹಾರ ಯಾವಾಗಲೂ ಅದೇ

ಮೊದಲ ವಾರ ನಾಲ್ಕು ಮಂದಿ ತಮ್ಮ ಯೋಜನೆ ಟೈಪ್ ಮಾಡಿಸಿಕೊಂಡು ಬಂದರು. ನಾಲ್ಕರಲ್ಲೂ 'ಸಮನ್ವಯ ಶಿಕ್ಷಣ' ಎಂಬುದು 'ಸಮಾನ ವಯ ಶಿಕ್ಷಣ' ಎಂದಾಗಿತ್ತು. ಎಲ್ಲಿ ಮಾಡಿಸಿದಿರಿ ಎಂದು ಕೇಳಿದರೆ ಬಸ್ ಸ್ಟ್ಯಾಂಡ್ ಹತ್ತಿರದ ಡಿ.ಟಿ.ಪಿ. ಅಂಗಡಿ ಎಂದರು. ಸಂಜೆ ನಾನೇ ಹೋದೆ.

ಅಂಗಡಿಯವನು ಎದ್ದು ನಿಂತು ಕುರ್ಚಿ ಒರೆಸಿದ. "ಕುಂದರ್ರಿ ಮೇಡಂ. ಸಮನ್ವಯದ್ದಲ್ರಿ? ರೆಡಿ ಐತಿ."

"ಏನು ರೆಡಿ ಐತಿ? ಹುಡುಗ್ರು ಇನ್ನಾ ಸಾಲಿಗೇ ಹೋಗಿಲ್ಲ."

"ಪೀಠಿಕೆ ನಾನ ಬರದೀನ್ರಿ. ಉದ್ದೇಶ ಹೋದ ವರ್ಷದ್ದು ಅದಾವ. ಉಪಸಂಹಾರ ಯಾವಾಗ್ಲೂ ಅದ ಇರ್ತೈತ್ರಿ."

"ನಾ ಅವರನ್ನ ಹಳ್ಳಿಗೆ ಕಳಸಾಕತ್ತೀನಪ್ಪ. ಮಂದೀನ ಕೇಳಿ, ನೋಡಿ, ಆಮ್ಯಾಲೆ ಉಪಸಂಹಾರ ಬರೀತಾರ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಕಳಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೋಗಿ ಬಂದ ಮ್ಯಾಲೆ ಉಪಸಂಹಾರ ಬದಲಾದ್ರ ಜಲ್ದಿ ತಿಳಸ್ರಿ. ಬ್ಯಾರೆ ಕಾಲೇಜಿನ್ಯಾಗೂ ಅದ ನಡದೈತಿ."

ಜಗಳ ಆಡುವಷ್ಟು ಶಕ್ತಿ ಇರಲಿಲ್ಲ. ಕನಿಷ್ಠ ಆ 'ಸಮಾನ ವಯ'ವನ್ನಾದರೂ ತಿದ್ದು ಎಂದೆ. ಅವನು ಕಪಾಟಿನಿಂದ ಹಳೆಯ ಒಂದು ಪ್ರತಿ ತೆಗೆದು, ಧೂಳು ಜಾಡಿಸಿ, ಮೊದಲ ಪುಟ ತೋರಿಸಿದ.

"ತಿದ್ದಬೇಕಂತ ನನಗೂ ಅನಿಸಿತ್ರಿ ಮೇಡಂ. ಆದ್ರ ಹೋದ ವರ್ಷ ಇದಕ್ಕ ನೀವ ಸಹಿ ಹಾಕೀರಲ್ಲ, ಇದ ಸರಿ ಇರಬೇಕು ಅಂದ್ಕೊಂಡೆ."

೨. ಇನ್ನೂ ಬಂದಿಲ್ಲ

ಹುಡುಗರು ಹಳ್ಳಿಗೆ ನಿಜವಾಗಿ ಹೋಗುತ್ತಾರೋ ಇಲ್ಲವೋ ಎಂಬ ಅನುಮಾನದಿಂದ ಒಬ್ಬ ವಿದ್ಯಾರ್ಥಿನಿಯ ಜೊತೆ ನಾನೇ ಹೊರಟೆ. ಸಿಂಧನೂರು ಪೇಟೆಯಲ್ಲೇ ಬೆಳೆದ ಹುಡುಗಿ, ಕೈಯಲ್ಲಿ ಮೂವತ್ತು ಪ್ರಶ್ನೆಗಳ ಹಾಳೆ. ಸಂತೆಕಲ್ಲೂರಿನಲ್ಲಿ ಆಟೊ ಇಳಿದಾಗ ಜೋಳದ ಹೊಲದ ಬದಿಗೆ ಕುರಿ ಬಿಟ್ಟುಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದಳು. ಆಕೆಯ ಊರು ಅಲ್ಲಿಂದ ಇನ್ನೂ ಒಳಗಂತೆ. ಮಗ ಶಾಲೆಯಲ್ಲಿ ಮೂರನೆಯ ಇಯತ್ತೆಯಂತೆ. ನಮ್ಮ ಹುಡುಗಿ ಪೆನ್ನು ತೆಗೆದಳು.

"ನಿಮ್ಮ ಮಗುವಿನ ಶಾಲೆಯಲ್ಲಿ ವೈವಿಧ್ಯತೆ ಲಭ್ಯವಿದೆಯೇ?"

ಆಕೆ ಸ್ವಲ್ಪ ಯೋಚಿಸಿದಳು. "ಹಾಲು ಕೊಡ್ತಾರವ್ವ. ತತ್ತಿ ಕೊಡ್ತಾರ, ತತ್ತಿ ಒಲ್ಲದವರಿಗೆ ಬಾಳಿಹಣ್ಣು ಕೊಡ್ತಾರ. ನೀ ಕೇಳಿದ್ದು ಮಾತ್ರ ಇನ್ನಾ ಬಂದಿಲ್ಲ ನೋಡು."

ಹುಡುಗಿ 'ಇಲ್ಲ' ಎಂಬ ಕಡೆ ಟಿಕ್ ಮಾಡಿ ಎರಡನೇ ಪ್ರಶ್ನೆಗೆ ಹೊರಟಳು. ನಾನು ಹಾಳೆ ಇಸಿದುಕೊಂಡೆ.

"ಯವ್ವಾ, ಕುರಿ ಹೊಡಕೊಂಡು ದೂರ ಹೋಗೂ ಮುಂದ ಮಗನ್ನ ಕರಕೊಂಡು ಹೋಗ್ತೀಯೇನು?"

"ಮತ್ತ ಯಾರ ಕೂಡ ಬಿಡ್ಲಿ? ಮೂರು ತಿಂಗಳು ಹೋಗ್ತೀವಿ."

"ಹೊಳ್ಳಿ ಬಂದ ಮ್ಯಾಲೆ ಸಾಲ್ಯಾಗ ಕರಕೊಂತಾರ?"

"ಕರಕೊಂತಾರವ್ವ, ಸುಳ್ಳು ಯಾಕ ಹೇಳ್ಲಿ. ಆದ್ರ ಬಂದಾಗೊಮ್ಮೆ ಹೊಸಬನ್ನ ಕುಂದರ್ಸಿದಂಗ ಹಿಂದ ಕುಂದರಸ್ತಾರ. ಪಾಠ ಮುಂದ ಹೋಗಿರ್ತೈತಿ. ನಮ್ಮವ ಮುಂದಿನ ಹುಡುಗನ ಬೆನ್ನು ನೋಡಿಕೋತ ಕುಂದರ್ತಾನ. ಇಪ್ಪತ್ತು ಕುರಿ ಎಣಸಾಕ ಬರ್ತೈತಿ ಅವಗ, ಯಾವ ಮರಿಗಿ ಯಾವುದು ತಾಯಿ ಅಂತ ಗೊತ್ತೈತಿ. ಅಲ್ಲಿ ಅದನ್ನ ಯಾರೂ ಕೇಳಂಗಿಲ್ಲ."

ಮೂವತ್ತು ಪ್ರಶ್ನೆ ತಯಾರು ಮಾಡಲು ನಮಗೆ ಹದಿನೈದು ದಿನ ಹಿಡಿದಿತ್ತು. ಆಕೆ ಹೇಳಿದ್ದರಲ್ಲಿ ಒಂದೂ ಅವುಗಳಲ್ಲಿರಲಿಲ್ಲ. ಪಕ್ಕದಲ್ಲಿ ನಮ್ಮ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಇದಕ್ಕ ಎಲ್ಲಿ ಟಿಕ್ ಮಾಡ್ಲಿ?"

ನಾವು ಹೊರಟಾಗ ಆಕೆ ಹಿಂದಿನಿಂದ ಕೂಗಿದಳು.

"ಯವ್ವಾ, ಆ ವೈವಿಧ್ಯತಿ ಬಂತಂದ್ರ ನನ್ನ ಹೆಸರು ಬರಕೋ! ನಮ್ಮ ತಂಗಿಗೂ ಇಬ್ರು ಹುಡುಗ್ರು ಅದಾವ, ಆಕಿದೂ ಬರಕೋ!"

೩. ಹತ್ತು ಬೆರಳು

ಇನ್ನೊಬ್ಬ ವಿದ್ಯಾರ್ಥಿ ಕಾಲುವೆ ಕಡೆಯ ಒಂದು ಶಾಲೆಗೆ ಹೋಗಿ, ನಲವತ್ತು ಪಾಲಕರಿಗೆ ಹಂಚಿ ಎಂದು ಪ್ರಶ್ನೆಪತ್ರ ಕೊಟ್ಟು ಬಂದ. ಸೋಮವಾರ ಕೊಟ್ಟದ್ದು, ಮಂಗಳವಾರ ಹೆಡ್ಮಾಸ್ತರರ ಫೋನು: "ಎಲ್ಲಾ ತುಂಬ್ಯಾವ, ಒಯ್ರಿ."

ನಾಟಿಯ ಕಾಲ. ಊರಿಗೆ ಊರೇ ಗದ್ದೆಯಲ್ಲಿರುವ ಹೊತ್ತು. ನಲವತ್ತು ಮಂದಿ ಒಂದೇ ದಿನದಲ್ಲಿ ಎಲ್ಲಿ ಸಿಕ್ಕರು? ಮತ್ತೆ ನಾನೇ ಹೋದೆ. ಹಾಳೆಗಳು ನೀಟಾಗಿದ್ದವು. ಹತ್ತು ನೀಲಿ ಶಾಯಿಯವು, ಹತ್ತು ಕಪ್ಪು, ಹತ್ತು ಹಸಿರು, ಹತ್ತು ಕೆಂಪು. ಅಕ್ಷರ ಮಾತ್ರ ನಲವತ್ತರದ್ದೂ ಒಂದೇ.

"ಸರ್, ಇವನ್ನ ನೀವ ತುಂಬೀರೇನ್ರಿ?"

ಅವರು ಮುಚ್ಚಿಡಲಿಲ್ಲ. ಮೇಜಿನ ಮೇಲೆ ಬಿಸಿಯೂಟದ ಲೆಕ್ಕ, ಶೂ ಅಳತೆಯ ಪಟ್ಟಿ, ಆಧಾರ್ ಪಟ್ಟಿ ಗುಡ್ಡೆ ಬಿದ್ದಿದ್ದವು. "ಮೇಡಂ, ದಿನಾ ತುಂಬೂದ ನನ್ನ ಕೆಲಸ. ಅದರಾಗ ನಿಮ್ಮವು ನಲವತ್ತು ಏನ್ ಹೆಚ್ಚು? ಹುಡುಗ ಪಾಪ ಬಿಸಲಾಗ ಬಂದಿದ್ದ. ವೈವಿಧ್ಯತೆ ಅಂತ ಮ್ಯಾಲೆ ಬರದಿತ್ತು, ಅದಕ್ಕ ನಾಲ್ಕು ಪೆನ್ನು ತಗೊಂಡೆ."

ಹನ್ನೊಂದು ಹಾಳೆಗಳಲ್ಲಿ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿತ್ತು. ಅವರ ಕೈ ನೋಡಿದೆ. ಬೆರಳೆಲ್ಲ ನೀಲಿ.

"ಹೆಬ್ಬೆಟ್ಟೂ ನಿಮ್ಮದೇ ಏನ್ರಿ ಸರ್?"

ಅವರಿಗೆ ನಿಜಕ್ಕೂ ಬೇಸರವಾಯಿತು. "ಅಷ್ಟು ತಿಳುವಳಿಕಿ ಇಲ್ಲೇನ್ರಿ ನನಗ? ಹನ್ನೊಂದಕ್ಕೂ ಒಂದ ಹೆಬ್ಬೆಟ್ಟು ಒತ್ತಿದ್ರ ಯಾರು ನಂಬ್ತಾರ? ಹತ್ತಕ್ಕ ಹತ್ತೂ ಬೆರಳು ಹಚ್ಚೀನಿ. ಹನ್ನೊಂದನೇದಕ್ಕ ನಮ್ಮ ಅಡಗಿ ಅಕ್ಕನ್ನ ಕರದೆ. ನಿಮ್ಮ ನಲವತ್ತರಾಗ ಅದೊಂದು ಮಾತ್ರ ಖರೆ ಪಾಲಕರದ್ದು ಐತ್ರಿ."

೪. ಮೊಸಳೆ

ಪ್ರತಿಯೊಬ್ಬರೂ ತಮ್ಮ ಪ್ರಾಜೆಕ್ಟಿನಲ್ಲಿ ಒಬ್ಬ ವಿದ್ಯಾರ್ಥಿಯ ಅಧ್ಯಯನ ಸೇರಿಸಬೇಕು. ನಮ್ಮ ಹದಿನಾಲ್ಕರಲ್ಲಿ ಲಿಂಗಸುಗೂರು ಕಡೆಯ ಒಬ್ಬ ಹುಡುಗನಿದ್ದ. ಎಡಗಾಲು ಸಣ್ಣದು, ಬಗಲಲ್ಲಿ ಊರುಗೋಲು. ಹೊರಗೆ ಬಿಸಿಲು ಇತ್ತು, ಇವನು ಪಕ್ಕದ ಬೆಂಚಿನಲ್ಲೇ ಇದ್ದ. ಉಳಿದ ಹದಿಮೂರರಲ್ಲಿ ಒಂಬತ್ತು ಮಂದಿ ಅವನ ಮೇಲೆಯೇ ಬರೆದರು.

ಭಾನುವಾರ ಮನೆಯಲ್ಲಿ ಓದುತ್ತಾ ಕುಳಿತೆ. ಮೊದಲ ಎರಡರಲ್ಲಿ ಕಾಲು ಹುಟ್ಟಿನಿಂದ ಹಾಗೆ ಎಂದಿತ್ತು. ಮೂರನೆಯದರಲ್ಲಿ ಬೇವಿನ ಮರದಿಂದ ಬಿದ್ದಿದ್ದ. ಐದನೆಯದರಲ್ಲಿ ಬಂಡಿಯ ಗಾಲಿ ಹಾದಿತ್ತು. ಏಳನೆಯದರಲ್ಲಿ ಹಾವು. ಒಂಬತ್ತನೆಯದರಲ್ಲಿ, ಕಾಲುವೆಯಲ್ಲಿ ಈಜುವಾಗ ಮೊಸಳೆ ಎಳೆದು, ಅಜ್ಜಿ ಕೊಡಲಿ ಹಿಡಿದು ನೀರಿಗೆ ಹಾರಿ ಬಿಡಿಸಿಕೊಂಡಿದ್ದಳು.

ಸೋಮವಾರ ಅವನನ್ನು ಕರೆದೆ. "ಏನಪ್ಪ, ಖರೆ ಏನಾಗಿತ್ತು ನಿನ್ನ ಕಾಲಿಗೆ?"

"ಹುಟ್ಟಿದಾಗಿಂದ ಹಿಂಗ ಐತ್ರಿ ಮೇಡಂ."

"ಮತ್ತ ಹಾವು?"

"ಮೊದಲ ಇಬ್ರಿಗೆ ಖರೇನ ಹೇಳಿದೆ. ಮೂರನೇದವ ಬಂದು ಅದನ್ನ ಕೇಳಿದ. ನಾಕನೇದವನೂ ಅದನ್ನ ಕೇಳಿದ. ಒಂಬತ್ತು ಮಂದೀನೂ ಕಾಲಿಂದ ಕೇಳ್ಯಾರ್ರಿ. ಗಣಿತದಾಗ ಕಾಲೇಜಿಗೆ ನಾ ಫಸ್ಟ್ ಬಂದೀನಿ, ಒಬ್ರೂ ಬರಕೊಳ್ಳಿಲ್ಲ. ಬ್ಯಾಸರಾತ್ರಿ."

ತಪ್ಪು ಅವನದಲ್ಲ ಎಂದು ನನಗೂ ಅನ್ನಿಸಿತು. ಆದರೂ ಗೈಡ್ ಆದವಳು ಏನಾದರೂ ಕೇಳಬೇಕಲ್ಲ.

"ಬ್ಯಾಸರಾದ್ರ ಸುಮ್ಮನಿರಬೇಕಿತ್ತು. ಮೊಸಳಿ ಯಾಕ ತಂದಿ?"

"ಒಂಬತ್ತು ಮಂದಿಗೂ ಒಂದ ಹೇಳಿದ್ರ, ಕಾಪಿ ಹೊಡದೀರಿ ಅಂತ ನೀವ ಹೊಳ್ಳಿ ಕೊಡ್ತೀರಲ್ರಿ ಮೇಡಂ."

೫. ಶಾಂತವಾದ ತರಗತಿ

ಅದೇ ಹುಡುಗ ತನ್ನ ಪ್ರಾಜೆಕ್ಟಿಗೆ ಮಸ್ಕಿಯಿಂದ ಆಚೆಗಿನ ಒಂದು ಶಾಲೆ ಹಿಡಿದಿದ್ದ. ಎರಡು ವಾರ ಐದನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳುವುದು ಅವನ ಕೆಲಸ. ಒಂದು ಸಂಜೆ ಫೋನು ಮಾಡಿದ. "ಮೇಡಂ, ಶನಿವಾರ ನೀವು ಬರಬೇಕ್ರಿ. ಇಲ್ಲಿ ಒಬ್ಬ ಹುಡುಗೀನ ಸಾಲಿ ಬಿಡಸಾಕತ್ತಾರ."

ಹುಡುಗಿಗೆ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಆ ವರ್ಷವೇ ಸೇರಿದ್ದಳು. ಮಾಸ್ತರರು ಕೆಟ್ಟವರಲ್ಲ. ರಾಯಚೂರಿನಲ್ಲಿ ಇಂಥ ಮಕ್ಕಳಿಗೆಂದೇ ಇರುವ ವಸತಿ ಶಾಲೆಗೆ ಕಳಿಸಿದರೆ ಅವಳಿಗೆ ಒಳ್ಳೆಯದಾದೀತು ಎಂದು ಅರ್ಜಿ ಬರೆದಿಟ್ಟಿದ್ದರು. ಕೂಲಿಗೆ ಹೋಗುವ ಅವಳ ತಾಯಿ ಶನಿವಾರ ಬಂದು ಸಹಿ ಮಾಡಬೇಕಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಮಾಸ್ತರರು ಬಾಗಿಲಲ್ಲೇ ಹೇಳಿದರು: "ಪಾಪ, ಅದಕ್ಕೇನೂ ಕೇಳಂಗಿಲ್ಲ ಅಂತ ನಾನೂ ಏನೂ ಕೇಳಾಕ ಹೋಗಿಲ್ರಿ. ಬೈದಿಲ್ಲ, ಬಡದಿಲ್ಲ. ಒಂದು ಮಾತು ಮಾತ್ರ ಖರೆ. ಅದು ಬಂದಾಗಿಂದ ನನ್ನ ಕ್ಲಾಸು ಭಾಳ ಶಾಂತ ಆಗೈತಿ. ಅದರ ಮಾರಿ ನೋಡಿ ಎಲ್ಲಾ ಸುಮ್ಮನ ಕುಂದರ್ತಾವ."

ಒಳಗೆ ಹೋಗಿ ಬೋರ್ಡಿನ ಮೇಲೆ ಐದು ಲೆಕ್ಕ ಬರೆದರು. ಮೂವತ್ತು ಮಕ್ಕಳು ತಲೆ ತಗ್ಗಿಸಿ ಮಾಡತೊಡಗಿದರು. ಪಿಟಕ್ಕೆನ್ನುವ ಸದ್ದಿಲ್ಲ. ನಮ್ಮ ಹುಡುಗ ನನ್ನ ಮೊಣಕೈ ತಟ್ಟಿದ. "ಆಕಿ ಬೆನ್ನು ನೋಡ್ರಿ."

ಮುಂದಿನ ಸಾಲಿನಲ್ಲಿದ್ದ ಆ ಕಿವಿ ಕೇಳದ ಹುಡುಗಿಯ ಎಡಗೈ ಬೆನ್ನ ಹಿಂದಿತ್ತು. ಮೂರು ಬೆರಳು ಎದ್ದವು. ಮುಷ್ಟಿ. ಮತ್ತೆ ಆರು ಸಲ ಬೆರಳು ತೆರೆದು ಮುಚ್ಚಿತು. ಅವಳ ಹಿಂದಿನವಳು ಆ ಉತ್ತರವನ್ನೇ ತನ್ನ ಹಿಂದಿನವನಿಗೆ ದಾಟಿಸಿದಳು. ಅಂಚಿನ ಇಬ್ಬರು ಲೆಕ್ಕ ಮುಗಿಸಿ ಕೈಸನ್ನೆಯಲ್ಲೇ ಜಗಳಕ್ಕೆ ಬಿದ್ದಿದ್ದರು. ಇಡೀ ತರಗತಿ ಬಾಯಿ ಮುಚ್ಚಿಕೊಂಡು ಸಂತೆಯಂತೆ ಮಾತಾಡುತ್ತಿತ್ತು.

ಮಾಸ್ತರರು ನೋಟುಬುಕ್ಕುಗಳನ್ನು ತೆಗೆದುಕೊಂಡು ನೋಡಿದರು. ಮೂವತ್ತಕ್ಕೆ ಮೂವತ್ತರಲ್ಲೂ ನಾಲ್ಕನೆಯ ಲೆಕ್ಕ ತಪ್ಪು. ಎಲ್ಲರದ್ದೂ ಒಂದೇ ತಪ್ಪು. ಅವರ ಮುಖ ಕೆಂಪಾಯಿತು.

"ಎಲ್ಲಾರೂ ಹೊರಗ ನಡೀರಿ! ಸಾಲಾಗಿ ನಿಂದರ್ರಿ!"

ಮಕ್ಕಳು ಎದ್ದು ಪಡಸಾಲೆಗೆ ಹೋದರು. ಆ ಹುಡುಗಿಯೂ ಎದ್ದಾಗ ಮಾಸ್ತರರು ಅವಳ ಭುಜ ಹಿಡಿದು ಕೂರಿಸಿದರು. "ನೀ ಕುಂದರವ್ವ, ಪಾಪ. ನಿನಗೇನು ಗೊತ್ತು."

ಅವಳು ಖಾಲಿ ಕೋಣೆಯನ್ನು ಒಮ್ಮೆ ನೋಡಿದಳು. ಎದ್ದು ಹೋಗಿ ಸಾಲಿನ ತುದಿಯಲ್ಲಿ ನಿಂತಳು. ಮಾಸ್ತರರು ಕೈ ಹಿಡಿದು ಒಳಗೆ ತಂದರು. ಮತ್ತೆ ಹೋದಳು. ಮೂರನೆಯ ಸಲ ತರಲು ಹೋದಾಗ ಎದೆ ಬಡಿದುಕೊಂಡು, ಇಪ್ಪತ್ತೊಂಬತ್ತು ಮಂದಿಯ ಕಡೆ ಬೆರಳು ಮಾಡಿ, ಮಾಸ್ತರರ ಮುಖದ ಮುಂದೆಯೇ ಕೈಗಳನ್ನು ಸರಸರ ಆಡಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನ ನೀರು.

"ಏನಂತಪ್ಪ?" ಎಂದು ಮಾಸ್ತರರು ನಮ್ಮ ಹುಡುಗನನ್ನು ಕೇಳಿದರು.

ಎರಡು ವಾರದಲ್ಲಿ ಅವನೂ ಅಷ್ಟಿಷ್ಟು ಕಲಿತಿದ್ದ. "ಹೇಳಿಕೊಟ್ಟಾಕಿ ನಾನು, ನನ್ನ ಬಿಟ್ಟು ಇವರನ್ನ ಯಾಕ ನಿಲ್ಲಿಸೀರಿ ಅಂತ ಕೇಳಾಕತ್ತಾಳ್ರಿ ಸರ್."

ಮಾಸ್ತರರು ಪಡಸಾಲೆಯ ಕಟ್ಟೆಯ ಮೇಲೆ ಕುಳಿತರು. ನಮ್ಮ ಹುಡುಗನನ್ನೇ ಕೇಳಿದರು: "ಅಂದ್ರ ಇಷ್ಟು ದಿನ ಕ್ಲಾಸು ಶಾಂತ ಇದ್ದಿಲ್ಲ?"

"ಗದ್ದಲ ಇತ್ರಿ. ಕೈಯಾಗಿತ್ತು."

"ಅಂದ್ರ ಇಡೀ ಕ್ಲಾಸಿನ್ಯಾಗ ಕಿವುಡ ಅಂದ್ರ ನಾ ಒಬ್ಬನ!"

ಅಷ್ಟರಲ್ಲಿ ತಾಯಿ ಬಂದಳು. ಮಗಳು ಸಾಲಿನಲ್ಲಿ ನಿಂತದ್ದು ಕಂಡು ಗಾಬರಿಯಾದಳು. "ಏನ್ ತಪ್ಪು ಮಾಡ್ಯಾಳ್ರಿ ಸರ್ ನಮ್ಮಾಕಿ?"

"ಇಪ್ಪತ್ತೊಂಬತ್ತು ಮಂದಿಗೆ ಕಾಪಿ ಹೊಡಿಸ್ಯಾಳವ್ವ."

ಆಕೆ ನಂಬದೆ ಮಗಳನ್ನು ನೋಡಿದಳು, ಮಾಸ್ತರರನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ನಮ್ಮಾಕೀನ? ಎಲ್ಲಾರಿಗೂ?"

ಮಾಸ್ತರರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಸಹಿ ಬ್ಯಾಡವ್ವ. ಈಕಿ ಇಲ್ಲೇ ಇರ್ಲಿ. ಈಕಿ ಹೋದ್ರ ನನಗ ಈ ಕೈಮಾತು ಕಲಸೋರು ಯಾರು?"

ಸಾಲಿನಲ್ಲಿದ್ದ ಮಕ್ಕಳಿಗೆ ಧೈರ್ಯ ಬಂತು. ತಾವು ಎಲ್ಲರಿಗೂ ಒಂದೊಂದು ಕೈ ಹೆಸರು ಇಟ್ಟಿದ್ದೇವೆ ಎಂದರು. ಮಾಸ್ತರರದ್ದು ಯಾವುದು ಎಂದರೆ ಮೂವತ್ತು ಮಂದಿ ಒಟ್ಟಿಗೆ ಪ್ಯಾಂಟು ಮೇಲೆಳೆದುಕೊಳ್ಳುವಂತೆ ಮಾಡಿ ತೋರಿಸಿದರು. ಮಾಸ್ತರರು ಪ್ಯಾಂಟು ಮೇಲೆಳೆದುಕೊಂಡು ನಕ್ಕರು.

"ಮತ್ತ ಈ ಮೇಡಂಗ ಏನ್ ಹೆಸರಿಡ್ತೀಯವ್ವ?" ಎಂದು ನನ್ನ ಕಡೆ ಕೈ ತೋರಿಸಿ ಆ ಹುಡುಗಿಯನ್ನು ಕೇಳಿದರು.

ನಾನು ಅಲ್ಲಿಗೆ ಬಂದು ಒಂದೂವರೆ ತಾಸಾಗಿತ್ತು ಅಷ್ಟೇ. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗೈಯನ್ನು ಹಣೆಗೆ ಹಚ್ಚಿ, ಕಣ್ಣು ಅರ್ಧ ಮುಚ್ಚಿ, ಎರಡೂ ಭುಜ ಇಳಿಬಿಟ್ಟು, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಉದ್ದಕ್ಕೆ ಹೊರಗೆ ಬಿಟ್ಟಳು.

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಹುಡುಗನಂತೂ ಊರುಗೋಲು ಜಾರುವಷ್ಟು ನಕ್ಕ.

"ನಗೂದೇನೈತಿ ಅದರಾಗ?" ಎಂದೆ.

"ಏನಿಲ್ರಿ ಮೇಡಂ. ಎರಡು ವರ್ಷಾತು, ನಾವು ಹದಿನಾಲ್ಕೂ ಮಂದಿ ನಿಮ್ಮ ಬೆನ್ನ ಹಿಂದ ಇದನ್ನ ಮಾಡಾಕತ್ತೀವಿ. ಮಾರಿ ಮುಂದ ಮಾಡಾಕ ಈಕಿಗೊಬ್ಬಾಕಿಗೆ ಧೈರ್ಯ ಬಂತು ನೋಡ್ರಿ."